ಸಾಹೇಬರ ಚಿಮಟ

ಇವತ್ತಿನ ಬೆಳಗೂ ಎಂದಿನಂತೆಯೇ ಶುರುವಾಯಿತು. ಹಂಡೆ ಒಲೆಗೆ ತೆಂಗಿನ ಚಿಪ್ಪು ಹಾಕಿ, ಹಾಲು ಕಾಯಿಸಿ, ಕೊಬ್ಬರಿ ಮಂಡಿಗೆ ಹೊರಟ ಯಜಮಾನರಿಗೆ ರೊಟ್ಟಿ ಕಟ್ಟಿಕೊಟ್ಟು, ಹಿತ್ತಲಲ್ಲಿ ಪೊರಕೆಗೆಂದು ಗರಿ ಸೀಳುತ್ತ ಕುಳಿತಿದ್ದೆ. ಕಡ್ಡಿಯ ಸಿಬರೊಂದು ಹೆಬ್ಬೆರಳ ಉಗುರಿನ ಪಕ್ಕಕ್ಕೆ ಹೊಕ್ಕಿತು. ಸೂಜಿಗಾಗಿ ಹೊಲಿಗೆ ಡಬ್ಬಿ ತೆರೆದರೆ ಗುಂಡಿಗಳ ಅಡಿಯಲ್ಲಿ ಆ ಚಿಮಟ ಸಿಕ್ಕಿತು. ಸ್ಟೀಲಿನದು. ತುದಿ ಹಕ್ಕಿಯ ಕೊಕ್ಕಿನಂತೆ ಬಾಗಿದೆ, ಹೊಳಪು ಇನ್ನೂ ಹೋಗಿಲ್ಲ. ಸಿಬರು ಒಂದೇ ಎಳೆತಕ್ಕೆ ಬಂತು. ಮೂಲೆ ಮನೆಯ ಸಾಹೇಬರಿಂದ ನಮ್ಮ ಮನೆಗೆ ಆದ ಉಪಯೋಗ ಬಹುಶಃ ಇದೊಂದೇ...

ಸಾಹೇಬರು ಯಾವುದೋ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ ತಿಪಟೂರಿಗೆ ಮರಳಿದವರು. ತೋಟ ಬಿಳಿಗೆರೆಯಲ್ಲಿ, ಮನೆ ನಮ್ಮ ಬೀದಿಯ ಮೂಲೆಯಲ್ಲಿ. ಮನೆಯೊಳಗೂ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದರು. ಅವರ ಹಜಾರದಲ್ಲಿ ಗಾಜಿನ ಬೀರುವೊಂದಿತ್ತು. ಅದರ ತುಂಬ ಪರದೇಶದಿಂದ ತರಿಸಿದ ಯುದ್ಧದ ಆಟದ ಡಬ್ಬಿಗಳು. ಮೊದಲ ಸಲ ಹೋದಾಗ ನಾವಿಬ್ಬರೂ ಶಾಲೆಯ ಮಕ್ಕಳಂತೆ ಕೈ ಹಿಂದೆ ಕಟ್ಟಿಕೊಂಡು ಅವನ್ನು ನೋಡಿದ್ದೆವು. ಹಾಗೆ ನಿಲ್ಲಿ ಎಂದು ಅವರೇ ಹೇಳಿದ್ದರು.

ಈ ಆಟ ನೋಡದವರಿಗೆ ಸ್ವಲ್ಪ ಹೇಳಬೇಕು. ಮೇಜಿನ ಮೇಲೆ ಜೇನುಗೂಡಿನಂತೆ ಆರು ಮೂಲೆಯ ಮನೆಗಳನ್ನು ಬರೆದ ಒಂದು ನಕ್ಷೆ. ಅದರ ಮೇಲೆ ಉಗುರಗಲದ ಚೌಕ ಬಿಲ್ಲೆಗಳು. ಒಂದು ಬಿಲ್ಲೆ ಕಾಲಾಳು, ಇನ್ನೊಂದು ಕುದುರೆ, ಮತ್ತೊಂದು ಫಿರಂಗಿ. ಪ್ರತಿ ಬಿಲ್ಲೆಗೂ ಬಲ ಸೂಚಿಸುವ ಅಂಕಿ ಇರುತ್ತದೆ. ಎದುರಾಳಿಗೆ ಅದು ಕಾಣದಂತೆ ಬಿಲ್ಲೆಗಳನ್ನು ಕವುಚಿ ಇಟ್ಟು ನಡೆಸಬೇಕು. ಎದುರು ಬಂದಾಗ ದಾಳ ಹಾಕಬೇಕು. ನನ್ನ ಯಜಮಾನರಿಗೆ ಇದರ ಹುಚ್ಚು ಫೋನಿನಿಂದ ಹತ್ತಿತು. ಆಟ ಮಾಡಿದವನೇ ಅದರ ಚಿತ್ರಗಳನ್ನು ಪುಕ್ಕಟೆಯಾಗಿ ಹಾಕಿದ್ದನಂತೆ. ಬೇಕಾದವರು ಮುದ್ರಿಸಿ, ಕತ್ತರಿಸಿ ಆಡಬಹುದು. ಅದೇ ಆಟವನ್ನು ಆಮೇಲೆ ಒಂದು ಕಂಪನಿ ಡಬ್ಬಿಯಲ್ಲಿ ಹಾಕಿ ಮಾರಿತು. ಆ ಡಬ್ಬಿ ಸಾಹೇಬರ ಬೀರುವಿನಲ್ಲಿ ಎರಡನೆಯ ಸಾಲಿನಲ್ಲಿತ್ತು. ಮುದ್ರಿಸಿದ ಹಾಳೆಗಳು ನಮ್ಮ ಮನೆಯಲ್ಲಿದ್ದವು.

ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯವನು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ಯಾವ ಲೇಔಟ್ ಅಣ್ಣಾ, ಕಿಬ್ಬನಹಳ್ಳಿ ಕಡೇದಾ? ಸೈಟೆಲ್ಲಾ ಆರು ಮೂಲೆ ಮಾಡವ್ರೆ" ಎಂದಿದ್ದನಂತೆ. ನಾನು ಮೈದಾಹಿಟ್ಟಿನ ಅಂಟು ಕಾಸಿದೆ, ಇವರು ಡ್ರಾಯಿಂಗ್ ಹಾಳೆಗೆ ಅಂಟಿಸಿ ಬ್ಲೇಡಿನಿಂದ ಕತ್ತರಿಸಿದರು. ನಿಯಮಗಳು ಇಂಗ್ಲಿಷಿನಲ್ಲಿದ್ದವು. ಕಾನ್ವೆಂಟಿನಲ್ಲಿ ಓದಿದ್ದು ಮದುವೆಯಾದ ಮೇಲೆ ಇಷ್ಟಾದರೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡು ಓದಿ ಹೇಳಿದೆ.

ಊರಿನಲ್ಲಿ ಈ ಆಟ ಬಲ್ಲ ಇನ್ನೊಬ್ಬ ಮನುಷ್ಯ ಸಾಹೇಬರು ಮಾತ್ರ. ಹಾಗಾಗಿ ಪ್ರತಿ ಭಾನುವಾರ ಮಧ್ಯಾಹ್ನ ಅವರು ನಮ್ಮ ಮನೆಗೆ ಬರುತ್ತಿದ್ದರು. ಮೇಜಿನ ಮೇಲೆ ಕರವಸ್ತ್ರ ಹಾಸಿ ಅದರ ಮೇಲೆ ಮೊಣಕೈ ಊರುತ್ತಿದ್ದರು. ಆಮೇಲೆ ಜೇಬಿನಿಂದ ಚಿಮಟ ತೆಗೆಯುತ್ತಿದ್ದರು. ನಮ್ಮ ಬಿಲ್ಲೆಗಳನ್ನು ಅವರು ಬೆರಳಿನಿಂದ ಮುಟ್ಟಿದ್ದನ್ನು ನಾನು ನೋಡಲೇ ಇಲ್ಲ.

"ಇದು ಆಟ ಅಲ್ಲ ಕಣ್ರೀ, ಕ್ರಾಫ್ಟ್ ಕ್ಲಾಸು," ಎನ್ನುತ್ತಿದ್ದರು. "ನಿಮ್ಮ ಮನೇಲಿ ಸೈನಿಕರಿಗೂ ಎಣ್ಣೆ ಸ್ನಾನ."

ಯಜಮಾನರು ನಗುತ್ತಿದ್ದರು. ನಾನು ಕಾಫಿ ಇಟ್ಟು ಬರುತ್ತಿದ್ದೆ. ಲೋಟದ ತಳದಲ್ಲಿ ಒಂದು ಗುಟುಕು ಬಿಡುವುದು ಸಾಹೇಬರ ಪದ್ಧತಿ. ಪೂರ್ತಿ ಕುಡಿದರೆ ಚೆನ್ನಾಗಿತ್ತು ಎಂದು ಒಪ್ಪಿಕೊಂಡಂತಾಗುತ್ತದೆ ಎಂದು ಹೆದರಿದ್ದರೋ ಏನೋ. ಕುದುರೆ ಹೊಳೆ ದಾಟಬಹುದೇ, ದಾಟಿದ ಮೇಲೆ ನಿಲ್ಲಬೇಕೇ ಎಂಬುದನ್ನು ಪ್ರತಿ ವಾರವೂ ನನ್ನನ್ನೇ ಕೇಳುತ್ತಿದ್ದರು. ಕೇಳಿದ ಮೇಲೆ, "ಪರವಾಗಿಲ್ಲ, ಕಾನ್ವೆಂಟ್ ಇಂಗ್ಲಿಷು" ಎಂದು ಸೇರಿಸುತ್ತಿದ್ದರು. ಅವರ ನಿಯಮದ ಪುಸ್ತಕ ಡಬ್ಬಿಯೊಳಗಿತ್ತು. ಡಬ್ಬಿ ಪ್ಲಾಸ್ಟಿಕ್ ಹೊದಿಕೆಯೊಳಗಿತ್ತು. ಬೀರುವಿನಲ್ಲಿದ್ದ ಒಂದು ಡಬ್ಬಿಯ ಹೊದಿಕೆಯನ್ನೂ ಅವರು ಬಿಚ್ಚಿರಲಿಲ್ಲ ಎಂಬುದು ನಮಗೆ ತಿಳಿಯಲು ಬಹಳ ದಿನ ಬೇಕಾಯಿತು.

ಇನ್ನೊಂದು ಸಂಗತಿಯೂ ಹೀಗೆಯೇ ತಡವಾಗಿ ಹೊಳೆಯಿತು. ಮಂಡಿಯಲ್ಲಿ ದಿನವಿಡೀ ಕೊಬ್ಬರಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವವರ ಕೈಯಲ್ಲಿ ಎಣ್ಣೆ ಇದ್ದೇ ಇರುತ್ತದೆ, ಸೋಪು ಹಾಕಿದರೂ ಹೋಗುವುದಿಲ್ಲ. ಯಜಮಾನರ ಬಿಲ್ಲೆಗಳು ಬರಬರುತ್ತಾ ಬೋಂಡ ಕಟ್ಟಿದ ಕಾಗದದಂತಾಗಿದ್ದವು. ಸಾಹೇಬರು ಯಾವಾಗಲೂ ಕಿಟಕಿಗೆ ಎದುರಾದ ಕುರ್ಚಿಯನ್ನೇ ಹಿಡಿಯುತ್ತಿದ್ದರು. "ಸಾಲು ಸೊಟ್ಟಗಾಗಿದೆ, ಸರಿ ಮಾಡ್ತೀನಿ ಇರಿ" ಎಂದು ಇವರ ಕವುಚಿದ ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು, ಒಂದು ಕ್ಷಣ ಬೆಳಕಿಗೆ ಎತ್ತಿ, ಮತ್ತೆ ಅಲ್ಲೇ ಇಡುತ್ತಿದ್ದರು. ಒಂದು ಭಾನುವಾರ ನಾನು ಬಟ್ಟೆ ಮಡಚುತ್ತ ಅವರ ಬೆನ್ನ ಹಿಂದೆ ನಿಂತಿದ್ದೆ. ಬಿಲ್ಲೆಯ ಹಿಂಬದಿಯಿಂದ ಅಂಕಿ ಚೆನ್ನಾಗಿ ಕಾಣುತ್ತಿತ್ತು, ನನಗೂ. ವಾರವಾರವೂ ಅವರು ಗೆಲ್ಲುತ್ತಿದ್ದದ್ದು ಯಾವ ಜಾಣತನದಿಂದ ಎಂಬುದು ಆಗ ಅರ್ಥವಾಯಿತು. ಹೀಯಾಳಿಸುತ್ತಿದ್ದ ಎಣ್ಣೆಯಲ್ಲೇ ಅವರ ಗೆಲುವು ಬೇಯುತ್ತಿತ್ತು.

ಇವರಿಗೆ ಹೇಳಿದರೆ, "ಹೋಗ್ಲಿ ಬುಡು ಕಣೇ, ಆಡಕ್ಕೆ ಇನ್ಯಾರವ್ರೆ" ಎಂದುಬಿಟ್ಟರು.

ನಾನು ಬಿಡಲಿಲ್ಲ. ಅಟ್ಟದ ಮೇಲಿದ್ದ ಲಗ್ನಪತ್ರಿಕೆಗಳ ಕಟ್ಟು ಇಳಿಸಿದೆ. ಅವುಗಳ ದಪ್ಪ ಕೆಂಪು ರಟ್ಟಿಗೆ ಎಣ್ಣೆ ಇಳಿಯುವುದಿಲ್ಲ. ಹೊಸದಾಗಿ ಮುದ್ರಿಸಿ ಅದಕ್ಕೆ ಅಂಟಿಸಿ ಬಿಲ್ಲೆಗಳನ್ನೆಲ್ಲ ಮತ್ತೆ ಮಾಡಿದೆವು. ಕೆಲವು ಫಿರಂಗಿಗಳ ಬೆನ್ನಿನಲ್ಲಿ ಅರಿಶಿನದ ಕಲೆ, ಒಂದು ಕಾಲಾಳಿನ ಬೆನ್ನಿನಲ್ಲಿ ಗಣಪತಿಯ ಕಿವಿ ಉಳಿದುಕೊಂಡಿತ್ತು. ಮುಂದಿನ ಭಾನುವಾರ ಸಾಹೇಬರು ಒಂದು ಬಿಲ್ಲೆಯನ್ನು ಬೆಳಕಿಗೆ ಎತ್ತಿದರು, ಇಟ್ಟರು, ಇನ್ನೊಂದನ್ನು ಎತ್ತಿದರು. ಕಾಫಿ ಆರಿತು. ಸಂಜೆಯ ಹೊತ್ತಿಗೆ ಹೀನಾಯವಾಗಿ ಸೋತರು.

"ಒಂದು ದಪ್ಪ, ಒಂದು ತೆಳು. ಇಂಥದ್ರಲ್ಲಿ ಗಂಭೀರವಾಗಿ ಆಡೋದು ಹ್ಯಾಗೆ?" ಎಂದು ಎದ್ದರು.

"ಹಂಗಾದ್ರೆ ನಿಮ್ಮ ಡಬ್ಬೀಲೇ ಆಡನ ಸಾರ್," ಎಂದರು ಯಜಮಾನರು.

ಎಷ್ಟು ದಿನದಿಂದ ಒಳಗೆ ಇಟ್ಟುಕೊಂಡಿದ್ದರೋ ಆ ಮಾತನ್ನು. ಕಾರ್ಖಾನೆಯ ಬಿಲ್ಲೆಗಳು ಒಂದೇ ದಪ್ಪ ರಟ್ಟಿನ ಹಾಳೆಯಲ್ಲಿ ಕೊರೆದು ಬಂದಿರುತ್ತವೆ, ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಕಳಚುತ್ತವೆ, 'ಟಕ್ ಅಂತ ಬತ್ತದಂತೆ ಕಣೇ' ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು. ಅದನ್ನು ಒಂದು ಸಲ ಒತ್ತಿ ನೋಡಬೇಕು, ಆ ದಪ್ಪ ನಕ್ಷೆಯ ಮೇಲೆ ಒಂದು ಸಲ ಆಡಬೇಕು. ಬೇರೆ ಯಾವುದಕ್ಕೂ ಆಸೆಪಡುವ ಮನುಷ್ಯರಲ್ಲ ಇವರು.

ಸಾಹೇಬರು ಬಾಗಿಲ ಬಳಿ ನಿಂತು, "ಆಯ್ತು, ಬರೋ ಭಾನುವಾರ ನಮ್ಮನೆಗೆ ಬನ್ನಿ" ಎಂದರು. ಸೋತ ಗಡಿಬಿಡಿಯಲ್ಲಿ ಚಿಮಟ ನಮ್ಮ ಮೇಜಿನ ಮೇಲೆಯೇ ಉಳಿಯಿತು.

ಆ ಭಾನುವಾರ ಇವರು ಸೀಗೆಪುಡಿ ಹಾಕಿ ಕೈ ಉಜ್ಜಿದರು, ನಿಂಬೆಹೋಳಿನಿಂದ ಮತ್ತೆ ಉಜ್ಜಿದರು. ಉಗುರು ತೆಗೆದರು. ಬಿಳಿ ಅಂಗಿ ಹಾಕಿಕೊಂಡು ಹೋದರು. ನಾನು ಅನ್ನಕ್ಕೆ ಇಟ್ಟ ಎಸರು ಕುದಿ ಬರುವ ಮೊದಲೇ ಹಿಂದಿರುಗಿದರು. ಸಾಹೇಬರು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಹೊದಿಕೆಯ ಮೇಲಿಂದಲೇ ತಿರುಗಿಸಿ ತೋರಿಸಿ, ಬಿಚ್ಚಿದ ಡಬ್ಬಿಗೆ ಮರ್ಯಾದೆ ಇರುವುದಿಲ್ಲ ಎಂದು ತಿಳಿಹೇಳಿ, ಮತ್ತೆ ಬೀರುವಿನಲ್ಲಿ ಇಟ್ಟರಂತೆ.

"ಮುಚ್ಚಳದ ಚಿತ್ರ ಚೆನ್ನಾಗೈತೆ," ಎಂದರು ಇವರು. ಅಷ್ಟೇ. ನಿಂಬೆಯ ವಾಸನೆಯ ಕೈಯಲ್ಲೇ ಊಟ ಮಾಡಿದರು...

ನಾವು ದೇವರನ್ನೇ ಅಂಗೈ ಮೇಲೆ ಇಟ್ಟುಕೊಂಡು ಪೂಜೆ ಮಾಡುವ ಜನ. ಸಾಹೇಬರ ಕೊರಳಲ್ಲೂ ಲಿಂಗವಿತ್ತು. ಶಿವನನ್ನು ಮುಟ್ಟಬಹುದು, ರಟ್ಟಿನ ಸಿಪಾಯಿಯನ್ನು ಮುಟ್ಟಬಾರದು ಎಂಬ ಮಡಿಯನ್ನು ಆ ಮನುಷ್ಯ ಎಲ್ಲಿ ಕಲಿತರೋ. ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಬೀದಿಯಲ್ಲಿ ಸಿಕ್ಕರೆ ಆಕಾಶ ನೋಡುತ್ತಿದ್ದರು. ಚಿಮಟವನ್ನು ಕಳಿಸಿಕೊಡಬೇಕೆಂದು ನನಗೂ ಅನ್ನಿಸಲಿಲ್ಲ.

ಹೋದ ವರ್ಷ ತೀರಿಕೊಂಡರು. ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಆ ಗಾಜಿನ ಬೀರುವಿನ ಮುಂದೆಯೇ ಕೂರಿಸಿದ್ದರು. ಕಾವಲಿಗೆ ಕೂರಿಸಿದಂತಿತ್ತು. ಯಜಮಾನರು ಬಗ್ಗಿ ಅವರ ಕಾಲು ಮುಟ್ಟಿದರು. ಏಳುವಾಗ ಕಣ್ಣು ಎರಡನೆಯ ಸಾಲಿಗೆ ಹೋದದ್ದನ್ನು ನಾನೊಬ್ಬಳೇ ನೋಡಿದೆ.

ಈಗ ಭಾನುವಾರ ಇವರು ಎರಡೂ ಕಡೆಯ ಸೈನ್ಯವನ್ನು ತಾವೇ ನಡೆಸುತ್ತಾರೆ. ನಾನು ಕೂರುವುದುಂಟು. ಆದರೆ ನನಗೆ ಗೆಲ್ಲುವ ಹಟವಿಲ್ಲ. ಆ ಕುಹಕದ ಮನುಷ್ಯನಿಗೆ ಅದಿತ್ತು. ಕಿಟಕಿಗೆ ಎದುರಾದ ಕುರ್ಚಿ ಖಾಲಿ ಇರುವುದು ನನಗೂ ಕಾಣುತ್ತದೆ. ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಕಾಣುತ್ತದೆ...

ಸಂಜೆ ಇವರು ಮಂಡಿಯಿಂದ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ಸಾಹೇಬರ ಮನೆಯ ಗೋಡೆಗೆ ತಾಗಿದ ಮನೆಯವಳು ಹಾಲಿಗೆ ಹೆಪ್ಪು ಕೇಳಿಕೊಂಡು ಬಂದಳು. ಬೆಳಿಗ್ಗೆ ನಾನು ಕಿಟಕಿಯಲ್ಲಿಟ್ಟಿದ್ದ ಚಿಮಟ ಎತ್ತಿ ನೋಡಿ, "ಇದು ಸಾಹೇಬ್ರುದಲ್ವಾ?" ಎಂದಳು. ಹೌದೆಂದೆ. ಮನೆಯನ್ನು ಬಾಡಿಗೆಗೆ ಕೊಡಲು ಅವರ ತಮ್ಮನ ಮಗ ಹೋದ ವಾರ ಎಲ್ಲ ಖಾಲಿ ಮಾಡಿಸಿದ ಎಂದು ಹೇಳುತ್ತ, ಹೆಪ್ಪಿನ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಇವರು ತಂಬಿಗೆ ಹಿಡಿದು ಹಾಗೇ ನಿಂತಿದ್ದರು.

"ಬೀರುನಾಗಿದ್ದ ಡಬ್ಬಿಗಳ್ನೆಲ್ಲಾ ನಂಗೇ ಕೊಟ್ಬುಟ್ಟ ಕಣಕ್ಕಾ," ಎಂದಳು ಬಾಗಿಲು ದಾಟುತ್ತ. "ಮುಚ್ಚಳ ಸಂಡಿಗೆ ಒಣಗಾಕಕ್ಕೆ ಸರಿಯಾಗೈತೆ. ಒಳಗೆ ಬರೀ ರಟ್ಟು, ಒಂದನ್ನೂ ಬಿಡಿಸಿರ್ಲಿಲ್ಲ, ಹಂಡೆ ಒಲೆಗಾಕ್ದೆ. ಚಿಪ್ಪಿಗಿಂತ ಬೇಗ ಹತ್ಕೊಂತದೆ."