ಬಲೆಗೆ ಬೆನ್ನು ಹಾಕಿ ಎಣಿಸಿದ ಹಕ್ಕಿಗಳು

ಈಗಲೂ ಬಸ್ಸು ತಿರುವಿನಲ್ಲಿ ವಾಲಿದರೆ ನನ್ನ ಕೈ ಕಂಬಿ ಹುಡುಕುತ್ತದೆ. ಎರಡು ಸಾವಿರದ ದಶಕದ ಕೊನೆಯ ಮಾತು. ಕಡಲೊಳಗೆ ಗಾಳಿಯಂತ್ರದ ಕಂಬಗಳನ್ನು ನಿಲ್ಲಿಸುವ ಯೋಚನೆಯಿತ್ತು. ಅದರಿಂದ ಕಡಲಹಕ್ಕಿಗಳಿಗೆ ತೊಂದರೆಯಾದೀತೇ ಎಂದು ನೋಡಲು, ಪ್ರಾಣಿಶಾಸ್ತ್ರ ಕಲಿಸಿದ ಮೇಡಂ ಜೊತೆ ನಾನು ಮೈಸೂರಿನಿಂದ ಕರಾವಳಿಗೆ ಹೋಗಿದ್ದೆ. ಬಾಡಿಗೆಯ ಮೀನುದೋಣಿಯಲ್ಲಿ ಎರಡು ಜಾಗ ಸುತ್ತಿ ಎಣಿಸಿದೆವು. ಹಕ್ಕಿ ಕಡಿಮೆಯಿರುವ ಕಡೆ ಕಂಬಗಳು ಬರಬೇಕಿತ್ತು. ಹಿಂತಿರುಗುವಾಗ, ನದಿ ಕಡಲಿಗೆ ಸೇರುವಲ್ಲಿ, ಅಲೆಯೊಂದು ದೋಣಿಯನ್ನು ಪಕ್ಕಕ್ಕೆ ಮಲಗಿಸಿತು. ಮೇಡಂ ಅಂಚಿನವರೆಗೆ ಜಾರಿದರು. ದೋಣಿಯವರೊಬ್ಬರು ತೋಳು ಹಿಡಿದು ಎಳೆದುಕೊಂಡರು. ನಾನು ಹಗ್ಗ ಹಿಡಿದು ಕೂತಲ್ಲೇ ಕೂತಿದ್ದೆ.

ಊರಿಗೆ ಬಂದ ಮೇಲೊಂದು ದಿನ ರಾಜೀವನಗರದಲ್ಲಿ ಗೆಳತಿಯ ಮನೆಗೆ ನಡೆದು ಹೋಗುತ್ತಿದ್ದೆ. ಮಾಂಸದಂಗಡಿಯವರು ಚೂರುಗಳನ್ನು ಮೇಲಕ್ಕೆ ಎಸೆದರು. ಖಾಲಿಯಿದ್ದ ಆಕಾಶದಿಂದ ಹದ್ದುಗಳು ಸುರಿದವು.

"ಯಾಕಮ್ಮ ನಿಂತ್ಬುಟ್ಟೆ? ನಿನ್ ತಲೆ ಮೇಲೇನೂ ಬೀಳಲ್ಲ, ಹೋಗು," ಎಂದರು ಅಂಗಡಿಯವರು.

ಆಗಲೇ ನನಗೆ ಹೊಳೆಯಿತು. ಕಡಲಲ್ಲಿ ಒಂದು ಕಡೆ ಮಾತ್ರ ದೋಣಿಯವರು ಬಲೆ ಎಳೆದಿದ್ದರು. ಮೊಟ್ಟೆಯನ್ನೂ ಮುಟ್ಟದ ಮನೆಗಳಿಂದ ಬಂದ ನಾವಿಬ್ಬರೂ ವಾಸನೆಗೆ ಮೂಗು ಮುಚ್ಚಿ, ಬಲೆಗೆ ಬೆನ್ನು ಹಾಕಿ ಎಣಿಸಿದ್ದೆವು. ನಮ್ಮ ಹಿಂದೆ ಅವರು ಬೇಡದ ಮೀನನ್ನು ನೀರಿಗೆ ಚೆಲ್ಲುತ್ತಿದ್ದಿರಬೇಕು. ನಾವು ಬರೆದುಕೊಂಡದ್ದು ಊಟಕ್ಕೆ ಬಂದ ಹಕ್ಕಿಗಳನ್ನು. ಆ ಲೆಕ್ಕ ನಂಬಿದರೆ, ಅವು ದಿನವೂ ಹಾರುವ ದಾರಿಯಲ್ಲೇ ಕಂಬಗಳು ಏಳಬಹುದಿತ್ತು.

ಹೇಳಿದರೆ ಮತ್ತೆ ಅದೇ ನೀರಿಗೆ ಹೋಗಬೇಕು. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಜಯಲಕ್ಷ್ಮಿಪುರಂನ ಮೇಡಂ ಮನೆಗೆ ಹೋದೆ. ಅವರು ವರದಿಯ ಕೊನೆಯ ಪುಟ ಬರೆಯುತ್ತಿದ್ದರು. ಎಲ್ಲ ಕೇಳಿ, ಪೆನ್ನಿಗೆ ಮುಚ್ಚಳ ಹಾಕಿ, ನಕ್ಕುಬಿಟ್ಟರು.

"ದೋಣಿಯವ್ರನ್ನ ಒಂದ್ ಮಾತು ಕೇಳಿದ್ರೆ ಹೇಳ್ಬುಡೋರು ಕಣೆ. ನಾವು ಪಂಡಿತರು, ಯಾಕ್ ಕೇಳ್ತೀವಿ?" ಆಮೇಲೆ ಮೆಲ್ಲಗೆ, "ನೀನ್ ಬರೋದ್ ಬೇಡ. ಅವತ್ತು ನಿನ್ ಮುಖ ನೋಡಿದೀನಿ."

"ಬರ್ತೀನಿ ಮೇಡಂ. ಈ ಸಲ ದೋಣಿ ಮಧ್ಯದಲ್ಲಿ ಕೂತ್ಕೋತೀನಿ."

"ಮಧ್ಯ ನಂದು. ನೀನು ಬೇರೆ ಜಾಗ ನೋಡ್ಕೋ."

ಎರಡನೆಯ ಸಲ ಬಲೆ ಇಳಿಸಬೇಡಿ ಎಂದು ಮೊದಲೇ ಕೇಳಿಕೊಂಡೆವು. ಕಿಕ್ಕಿರಿದಿದ್ದ ಜಾಗದಲ್ಲಿ ಅಂದು ಬೆರಳೆಣಿಕೆಯ ಹಕ್ಕಿಗಳು. ಬರಿದೆಂದು ಬರೆದಿದ್ದ ಕಡೆ, ಮೊದಲ ಸಲದಂತೆ ಮಧ್ಯಾಹ್ನವಲ್ಲದೆ ಬೆಳಗಿನ ಹೊತ್ತಿಗೇ ಹೋದದ್ದರಿಂದ, ನೀರಿಗೆ ತಾಗುವಷ್ಟು ಕೆಳಗೆ ಸಾಲುಸಾಲಾಗಿ ಹಾದುಹೋಗುತ್ತಿದ್ದವು. ಒಂದು ಕೈಯಲ್ಲಿ ಹಗ್ಗ ಹಿಡಿದೇ ಬರೆಯುತ್ತಿದ್ದೆ, ದೋಣಿ ಕುಲುಕಿದಾಗಲೆಲ್ಲ ಅಂಕೆಗಳು ಸೊಟ್ಟಗಾದವು. ಮೇಡಂ ಪುಸ್ತಕ ಇಸಿದುಕೊಂಡು ನೋಡಿ, ಓದಕ್ಕೆ ಬರತ್ತೆ, ಮುಂದುವರಿಸು ಎಂದರು.