ಶ್ರಾವಣ ಶುಕ್ರವಾರ ಬಿತ್ತನೆ ರಾಗಿಗೆ ಹೋದದ್ದು

ಮಂಡ್ಯದ ಬಸ್ ನಿಲ್ದಾಣಕ್ಕೆ ಬೆಳಿಗ್ಗೆ ಏಳೂವರೆಗೆ ಬಂದೆ. ಹಿಂದಿನ ದಿನ ಸಂಜೆ ಸುರಿದ ಮಘೆ ಮಳೆಯ ನೀರು ಇನ್ನೂ ನಿಂತಿತ್ತು. ಎಲ್ಲರೂ ಸೀರೆ, ಪ್ಯಾಂಟು ಎತ್ತಿ ಹಿಡಿದು ಆ ಕೆಸರನ್ನು ಬೈಯುತ್ತಿದ್ದರೆ ನಾನೊಬ್ಬಳು ಅದನ್ನು ನೋಡಿ ಹಿಗ್ಗುತ್ತಿದ್ದೆ. ಈ ವರ್ಷ ಆರಿದ್ರಾ ಕೈಕೊಟ್ಟಿತ್ತು, ಪುಷ್ಯ ಬರೀ ಮೋಡ ತೋರಿಸಿ ಹೋಗಿತ್ತು. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಎನ್ನುತ್ತಾರೆ ನಮ್ಮ ಕಡೆ. ಮನೆ ಮಗಳು ಉಂಡರೆ ಏನಾಗುತ್ತದೆಂದು ಗಾದೆ ಕಟ್ಟಿದವರು ಹೇಳಿಲ್ಲ.

ನಾನು ಹೊರಟಿದ್ದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಗೆ, ಮೂರು ತಿಂಗಳಿಗೆ ಕಟಾವಿಗೆ ಬರುವ ಬಿತ್ತನೆ ರಾಗಿ ತರಲು. ಮದ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಟೀಚರ್. ಗಂಡ ತೀರಿಕೊಂಡು ಆರು ವರ್ಷ. ನಾಲೆಯ ಕೊನೆಯಲ್ಲಿ ನಮ್ಮದೊಂದು ಎಕರೆ ಜಮೀನಿದೆ. ಮೈದುನ ಕೆಂಪರಾಜು ಅದರಲ್ಲಿ ಪ್ರತಿ ವರ್ಷ ಭತ್ತ ಹಾಕುತ್ತಿದ್ದ. ನೀರು ಬಿಟ್ಟರಂತೆ ಎಂಬ ಸುದ್ದಿ ನಮ್ಮ ಗದ್ದೆಯವರೆಗೂ ಬರುತ್ತದೆ, ನೀರು ಬರುವುದಿಲ್ಲ. ಹೋದ ವರ್ಷ ತೆನೆ ಬರುವ ಹೊತ್ತಿಗೆ ಎಲ್ಲ ಒಣಗಿತು. ಹಸುವಿಗೆ ಹುಲ್ಲೂ ದಕ್ಕಲಿಲ್ಲ.

ಈ ಸಲ ರಾಗಿ ಹಾಕೋಣ ಅಂದೆ. “ಗದ್ದೆ ಇಟ್ಕಂಡು ರಾಗಿ ಆಕುದ್ರೆ ಊರೋರು ನಗ್ತಾರೆ ಅತ್ಗೆ” ಅಂದ ಕೆಂಪರಾಜು. ನಗುವವರು ನನ್ನ ಹಸುವಿಗೆ ಮೇವು ತಂದು ಹಾಕುತ್ತಾರೆಯೇ? ಮಾತಿಗೆ ಮಾತು ಬೆಳೆಯಿತು. ಕೊನೆಗೆ, ಭತ್ತಕ್ಕೆ ಗದ್ದೆ ಉಳಲು ಹೇಳಿದ್ದ ಟ್ರ್ಯಾಕ್ಟರ್ ಭಾನುವಾರ ಬರುವುದರೊಳಗೆ ಮಳೆಯಾಗಿ ನಾನು ಬಿತ್ತಿಬಿಟ್ಟರೆ ರಾಗಿ, ಇಲ್ಲದಿದ್ದರೆ ಭತ್ತ ಎಂದು ತೀರ್ಮಾನವಾಯಿತು. ಬೀಜ ಕೊಡುವ ಕಚೇರಿಗೆ ಹೋದರೆ ಪಹಣಿ ಕೇಳಿದರು. ಪಹಣಿ ಇನ್ನೂ ಮಾವನ ಹೆಸರಿನಲ್ಲಿದೆ. “ಮನೇಲಿ ಗಂಡಸರಿದ್ರೆ ಕಳ್ಸಿ” ಅಂದರು. ನಾನು ಕಳಿಸಲಿಲ್ಲ.

ಗುರುವಾರ ಮಂಡ್ಯದಲ್ಲಿ ಇಲಾಖೆಯ ಸಭೆಯಿತ್ತು. ಗೆಳತಿಯ ಮನೆಯಲ್ಲಿ ಉಳಿದುಕೊಂಡಿದ್ದಾಗಲೇ ಮಳೆ ಹಿಡಿಯಿತು. ಊರಿಗೆ ಫೋನು ಮಾಡಿದೆ. ಅಲ್ಲೂ ಚೆನ್ನಾಗಿ ಹದವಾಗಿತ್ತು. ಎತ್ತು ಮತ್ತು ಬಿತ್ತುವ ಕೂರಿಗೆ ಇರುವ ನೆರೆಯವರು ಶನಿವಾರ ಬೆಳಿಗ್ಗೆ ಮಾತ್ರ ಬಿಡುವು ಅಂದರು. ನನಗಿದ್ದದ್ದು ಒಂದೇ ದಿನ.

ಮದ್ದೂರಿಗೆ ಇಪ್ಪತ್ತು ಕಿಲೋಮೀಟರ್. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಪಹಣಿ ಕೇಳಲಿಲ್ಲ, ಗಂಡಸರನ್ನು ಕಳಿಸಿ ಎನ್ನಲೂ ಇಲ್ಲ. ಶಿವಪುರದ ಸತ್ಯಾಗ್ರಹ ಸೌಧ ದಾಟುವಾಗ, ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಇಲ್ಲಿ ಒಂದು ಬಾವುಟಕ್ಕಾಗಿ ಜನ ಅಷ್ಟು ಹಟ ಹಿಡಿದರಲ್ಲ, ಒಂದು ಎಕರೆ ರಾಗಿಗೆ ನಾನು ಹಿಡಿದರೆ ತಪ್ಪೇನು ಅನ್ನಿಸಿತು. ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹೊರಟು ನಿಂತಿತ್ತು, ವಡೆ ತಿನ್ನಲೂ ಪುರುಸೊತ್ತಾಗಲಿಲ್ಲ. ದಾರಿಯುದ್ದಕ್ಕೂ ಕಬ್ಬು, ಅರ್ಧ ನಾಟಿಯಾದ ಗದ್ದೆ, ಉತ್ತು ಹಾಗೇ ಬಿಟ್ಟ ಹೊಲ. ಮಳವಳ್ಳಿಯಲ್ಲಿ ಕಾಫಿ ಕುಡಿದು ಖಾಸಗಿ ಬಸ್ಸು ಹತ್ತಿದೆ. ಮೂವತ್ತು ರೂಪಾಯಿ ತೆಗೆದುಕೊಂಡು, ನಿಲ್ಲಲು ಅರ್ಧ ಕಾಲಿನಷ್ಟು ಜಾಗ ಕೊಟ್ಟರು. ಪೂರಿಗಾಲಿ ಸೇರಿದಾಗ ಹನ್ನೊಂದೂವರೆ.

ಆ ಊರಿನ ಪುಟ್ಟತಾಯಮ್ಮನ ಪರಿಚಯವಾಗಿದ್ದು ಮದುವೆಯೊಂದರಲ್ಲಿ, ಊಟದ ಎಲೆಯ ಮುಂದೆ. ರಾಗಿ ಮಾತು ಬಂದಾಗ, “ಬೇಕಾದ್ರೆ ಬಾರವ್ವ, ಕೊಡ್ತೀನಿ” ಅಂದಿದ್ದರು. ಎಪ್ಪತ್ತು ದಾಟಿದ ಹೆಂಗಸು, ಮಾತು ಖಡಕ್ಕು. ಅವರ ಮನೆಯ ಹೊಸ್ತಿಲಿಗೆ ಅರಿಶಿನ ಬಳಿದಿತ್ತು, ಸೊಸೆ ಮಂಜುಳಾ ಹೂ ಮುಡಿದಿದ್ದಳು. ಮುದ್ದೆ, ಉಪ್ಸಾರು ಬಡಿಸಿದರು. ಉಂಡೆದ್ದ ಮೇಲೆ ಪುಟ್ಟತಾಯಮ್ಮ ಒಳಗಿನ ಮಡಕೆಯ ಬಾಯಿ ಬಿಚ್ಚಿ, ಬೂದಿ ಬೆರೆಸಿದ ರಾಗಿಯನ್ನು ನನ್ನ ಅಂಗೈಗೆ ಹಾಕಿದರು.

“ಕುಯ್ಲಿಗ್ ಮುಂಚೆ ನಾನೇ ಒಲಕ್ ಓಗಿ ತೆನೆ ಆರುಸ್ತೀನಿ. ಗಂಡಸ್ರು ಮೂಟೆ ಎಷ್ಟಾಯ್ತು ಅಂತವ್ರೆ. ನಾನು ಉಲ್ಲು ಎಷ್ಟುದ್ದ ಬತ್ತದೆ, ಇಟ್ಟು ಎಂಗ್ ಬೇಯ್ತದೆ, ಮಳೆ ತಡ ಆದ್ರೂ ತಡ್ಕತದಾ, ಎಲ್ಲಾ ನೋಡ್ತೀನಿ. ಅಸ ತಿನ್ದೆ ಇದ್ರೆ ಅದೆಂತಾ ರಾಗಿ?”

ನಾನು ಚೀಲ ಬಿಚ್ಚಿದೆ. ಅವರು ಮಡಕೆಯ ಬಾಯಿ ಮುಚ್ಚಿಬಿಟ್ಟರು.

“ನಾಳೀಕೆ ತಕಂಡೋಗವ್ವ. ಇವತ್ತು ಸ್ರಾವಣ ಸುಕ್ರವಾರ. ಬಿತ್ನೆ ಕಾಳು ಒಸ್ಲು ದಾಟ್ಬಾರ್ದು.”

ತಲೆಯ ಮೇಲೆ ಕೈಹೊತ್ತು ಕುಳಿತೆ. ಮಳೆಯ ಸಂಭ್ರಮದಲ್ಲಿ ವಾರವನ್ನೇ ಮರೆತಿದ್ದೆ. ನಮ್ಮೂರಲ್ಲೂ ಶುಕ್ರವಾರ ಯಾರೂ ಬಿತ್ತನೆ ಕಾಳು ಕೊಡುವುದಿಲ್ಲ, ನಾನೇ ಕೊಟ್ಟಿಲ್ಲ. ಹಾಗಾಗಿ ವಾದ ಮಾಡಲು ಬಾಯಿ ಬರಲಿಲ್ಲ. ಎತ್ತಿನ ವಿಷಯ, ಭಾನುವಾರದ ಟ್ರ್ಯಾಕ್ಟರಿನ ವಿಷಯ ಹೇಳಿದೆ. “ಈ ಸಲ ತಪ್ಪುದ್ರೆ ಆ ಒಲದಲ್ಲಿ ನನ್ ಮಾತು ಇನ್ ನಡೆಯಾಕಿಲ್ಲ ಕಣಮ್ಮ. ಬೀಜ ಇಲ್ದೆ ನಾನ್ ಏಳಾಕಿಲ್ಲ” ಅಂದೆ. ನಿಜವಾಗಿಯೂ ಏಳಲಿಲ್ಲ, ಗೋಡೆಗೊರಗಿ ಕುಳಿತೇ ಇದ್ದೆ.

ಅವರು ಎಲೆ ಅಡಿಕೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು. ಎರಡು ಗಂಟೆ ದಾಟಿತು. ಮೂರಕ್ಕೆ ಬಸ್ಸಿತ್ತು.

“ಎದ್ದೇಳು, ಸೆರಗೊಡ್ಡು” ಅಂದರು. “ಬೀಜ ಕೊಡಾದು ಬ್ಯಾರೆ, ಎಣ್ಮಗಳಿಗೆ ಮಡ್ಲು ತುಂಬಾದು ಬ್ಯಾರೆ. ಅದ್ಕೆ ಯಾವ್ ಸುಕ್ರವಾರಾನೂ ಅಡ್ಡ ಬರಾಕಿಲ್ಲ.”

ನಾನು ಹಿಂದಕ್ಕೆ ಸರಿದೆ. ಗಂಡ ಹೋದ ಮೇಲೆ ನನಗೆ ಯಾರೂ ಮಡಿಲು ತುಂಬಿರಲಿಲ್ಲ, ತುಂಬುವ ಪದ್ಧತಿಯೂ ಇಲ್ಲ. ಮಂಜುಳಾ ಮೆಲ್ಲಗೆ, “ಅತ್ತೆ, ಅವ್ರ್ ಯಜಮಾನ್ರು...” ಎಂದು ತಡೆದಳು.

“ಗೊತ್ತು ಕಣ್ ಬುಡೆ. ನನ್ ಗಂಡ ಇದ್ದಾನಾ? ಅವ್ನ್ ಓದ್ಮೇಲೂ ನಾನ್ ಎತ್ತಿಟ್ಟ್ ಬೀಜನೇ ಈ ಮನೇಲಿ ಬಿತ್ತಿ ಉಣ್ತಾ ಇರಾದು. ಒಂದ್ ವರ್ಷನಾದ್ರೂ ಉಟ್ಟದೆ ಓಯ್ತಾ?”

ಸೊಸೆ ಒಳಗೆ ಹೋಗಿ ಸೇರು ತಂದು ಅತ್ತೆಯ ಕೈಗಿಟ್ಟಳು. ಪುಟ್ಟತಾಯಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಐದು ಸೇರು ರಾಗಿ ಸುರಿದರು. ರಾಗಿಯ ನಡುವೆ ಅಕ್ಕಡಿ ಸಾಲು ಬಿಡಲೆಂದು ಅವರೆ, ತೊಗರಿಯನ್ನೂ ಮೇಲಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. “ಅತ್ತುದ್ ಸಾಕು, ಬಸ್ ಓಯ್ತದೆ” ಎಂದು ಬೈದು ಎಬ್ಬಿಸಿದರು. ಹೊಸ್ತಿಲು ದಾಟಿದ ಮೇಲೆ ಮಂಜುಳಾ ಚೀಲ ಹಿಡಿದಳು, ಜಗುಲಿಯ ಮೇಲೆ ಕುಳಿತು ರಾಗಿಯನ್ನು ಅದಕ್ಕೆ ಸುರಿದುಕೊಂಡೆವು. ಮಳವಳ್ಳಿ, ಮದ್ದೂರು ಹಾದು ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು.

ಶನಿವಾರ ಬೆಳಿಗ್ಗೆ ಹೇಳಿದ ಹೊತ್ತಿಗೆ ಎತ್ತು ಬಂದವು. ಕೂರಿಗೆಯ ಹಿಂದೆ ನಡೆಯುತ್ತಾ ಅಕ್ಕಡಿ ಸಾಲಿಗೆ ನಾನೇ ಕಾಳು ಬಿಟ್ಟೆ. ಮುಕ್ಕಾಲು ಹೊಲ ಮುಗಿದಿತ್ತು, ಕೆಂಪರಾಜು ಬೈಕು ನಿಲ್ಲಿಸಿ ಬದುವಿನ ಮೇಲೆ ಬಂದು ನಿಂತ.

“ಬೀಜ ಎಲ್ಲಿಂದ ತಂದ್ರಿ ಅತ್ಗೆ?”

“ತವ್ರಿಂದ.”

“ನಿಮ್ಮಪ್ಪ ಅವ್ವ ಓಗಿ ಅದ್ಯಾವ್ ಕಾಲ ಆಯ್ತು. ತವ್ರಲ್ಲಿ ಯಾರವ್ರೆ?”

“ಅವ್ವ ಅವ್ಳೆ ಕಣಪ್ಪ” ಅಂದೆ.

ಅವನು ಚಪ್ಪಲಿ ಬದುವಿನ ಮೇಲೆ ಬಿಟ್ಟು ಹೊಲಕ್ಕಿಳಿದು, “ಎಡಗಡೆ ಸಾಲು ಸೊಟ್ಟ ಓಯ್ತಾ ಅದೆ” ಎನ್ನುತ್ತಾ ಎತ್ತಿನ ಹಗ್ಗ ಹಿಡಿದುಕೊಂಡ.