ಬೂದಿ ತಾಗದ ಅರ್ಧ ಕಲ್ಲು

“ಆ ಮುದುಕಿ ಇಬೂತಿ ಹಚ್ಚಿ ಪೂಜಿ ಮಾಡದಿದ್ರ, ದೇವದುರ್ಗದ ಬಿಳಿಕಲ್ಲು ಇಷ್ಟೊತ್ತಿಗಿ ಕ್ವಾಂಟಮ್ ಕಂಪ್ಯೂಟರಿನ್ಯಾಗ ಕುಂದರತಿತ್ತು.” ರಾಯಚೂರಿನ ಚಹಾದಂಗಡಿಗಳಿಂದ ಮಾನ್ವಿಯ ಅಕ್ಕಿ ಗಿರಣಿಗಳವರೆಗೆ ನಮ್ಮ ಬಳಗದವರು ಇದನ್ನು ನಗುತ್ತಲೇ ಹೇಳುತ್ತಾರೆ. ಆ ಮುದುಕಿ ನನ್ನ ಅಕ್ಕ. ಈ ಮಾತು ಸುಳ್ಳು.

ದೇವದುರ್ಗದ ಬಳಿ ಅಕ್ಕನ ಹೊಲದ ಬದುವಿನಲ್ಲಿ ಹಾಲಿನಂಥ ಬೆಣಚುಕಲ್ಲು ಇದೆ. ಅದರಿಂದ ಸಿಲಿಕಾನ್ ತೆಗೆಯಬಹುದು, ಸಿಲಿಕಾನಿನಿಂದ ಕ್ವಾಂಟಮ್ ಚಿಪ್ ಮಾಡಬಹುದು ಎಂದು ಓದಿಕೊಂಡ ನಾನೇ, ಇಷ್ಟು ಶುದ್ಧವಾದ ಕಲ್ಲು ಬೇರೆಲ್ಲೂ ಇಲ್ಲವೆಂದು ಊರೂರು ಹೇಳಿಕೊಂಡು ತಿರುಗಿದೆ. ಒಂದು ಕಲ್ಲನ್ನು ಎರಡಾಗಿ ಒಡೆದು, ಒಂದು ಹೋಳನ್ನು ರಾಯಚೂರಿನ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಗೆ ಕೊಟ್ಟೆ. ಇನ್ನೊಂದು ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಹೊಸ ಕೆಲಸಕ್ಕೆಂದು ಹೊರಟ ಯಾವ ವಸ್ತುವೂ ನಮ್ಮಲ್ಲಿ ಪೂಜೆಯಾಗದೆ ಹೊಸ್ತಿಲು ದಾಟುವುದಿಲ್ಲ. ಅಕ್ಕ ಅದನ್ನು ಹುಣಸೆಹುಳಿಯಿಂದ ತಿಕ್ಕಿ, ತಾಮ್ರದ ತಂಬಿಗೆಯ ನೀರಿನಿಂದ ತೊಳೆದು, ಮೂರು ಬೆರಳಿನ ವಿಭೂತಿ ಎಳೆದು ಕಳಿಸಿದಳು. ಕ್ವಾಂಟಮ್ ಕೆಲಸಕ್ಕೆ ಇದು ಆಗದು ಎಂದು ಉತ್ತರ ಬಂತು.

ಆಮೇಲೆ ಮಾನ್ವಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಬೀಗರೊಬ್ಬರು ಅಕ್ಕನಿಗೆ ಎಲ್ಲರೆದುರು ಹೇಳಿದರು: “ಯವ್ವಾ, ಹೋಳಿಗಿಗರ ಇಬೂತಿ ಹಚ್ಚಬ್ಯಾಡ, ನಮಗಿರಲಿ.” ಪಂಕ್ತಿಯೆಲ್ಲ ನಕ್ಕಿತು.

ಅಷ್ಟರಲ್ಲಿ ಪ್ರಯೋಗಾಲಯದ ವರದಿ ಓದಿ ನನಗೆ ನಿಜ ತಿಳಿದಿತ್ತು. ಮೇಲಿನ ಬೂದಿ, ಒಳಗಿನ ಕಬ್ಬಿಣದ ಅಂಶ ಎಲ್ಲವೂ ಶುದ್ಧೀಕರಣದಲ್ಲಿ ಹೋಗುತ್ತವೆ. ಹಾಗೆ ಹೋಗದಿರುವುದು ಸಿಲಿಕಾನಿನದೇ ಇನ್ನೊಂದು ಬಗೆಯ ಪರಮಾಣು. ಅದು ತುಸು ಭಾರ; ಸಣ್ಣ ಅಯಸ್ಕಾಂತದಂತೆ ವರ್ತಿಸಿ ಚಿಪ್ಪಿನ ನಾಜೂಕಾದ ಸ್ಥಿತಿಯನ್ನು ಕದಡುತ್ತದೆ. ಯಾವ ತೊಳೆತಕ್ಕೂ ಜಗ್ಗದ ಅದನ್ನು ತೂಕದ ವ್ಯತ್ಯಾಸ ಹಿಡಿದೇ ಬೇರ್ಪಡಿಸಬೇಕು. ಅಕ್ಕನ ಕಲ್ಲಿನಲ್ಲಿ ಇರುವಷ್ಟೇ ದೇವಸುಗೂರಿನ ಹೊಳೆಯ ಮರಳಿನಲ್ಲೂ ಹೆಚ್ಚುಕಡಿಮೆ ಇದೆ. ಎಂದರೆ ನಮ್ಮ ಕಲ್ಲು ಮೊದಲಿನಿಂದಲೂ ಸಾಧಾರಣದ್ದು. ಹಾಗೆ ಹೇಳಿದ್ದರೆ ಊರೂರು ತಿರುಗಿದ ನನ್ನ ಮಾತು ಹಗುರಾಗುತ್ತಿತ್ತು. ಅಚ್ಚಾದ ಪುಸ್ತಕದ ತಪ್ಪನ್ನೂ ತಿದ್ದುವ ನಾನು, ಅಂದು ಆ ಸುಳ್ಳನ್ನು ತಿದ್ದದೆ ತಲೆ ತಗ್ಗಿಸಿ ಎಲೆ ನೋಡುತ್ತ ಕುಳಿತೆ.

ಆ ದಿನದಿಂದ ಅಕ್ಕ ಯಾವುದಕ್ಕೂ ವಿಭೂತಿ ಹಚ್ಚಲಿಲ್ಲ. ಮೊಮ್ಮಗಳಿಗೆ ಹೊಸ ಹೊಲಿಗೆಯಂತ್ರ ಬಂದಾಗ, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ದೂರ ನಿಂತಿದ್ದಳಂತೆ. ಅದನ್ನು ಕೇಳಿ ದೇವದುರ್ಗಕ್ಕೆ ಹೋದೆ. ಪರಮಾಣುವಿನ ಸಂಗತಿಯನ್ನೆಲ್ಲ ಬಿಡಿಸಿ ಹೇಳಿ, ನಿನ್ನ ತಪ್ಪೇನೂ ಇಲ್ಲವೆಂದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

“ನನಗ್ಯಾಕ ಹೇಳತಿ ತಮ್ಮಾ? ನಾ ಏನ್ ನಕ್ಕಿದ್ದಿಲ್ಲಲ್ಲ.”

ಆದ್ದರಿಂದ ಇದನ್ನು ನಕ್ಕವರಿಗಾಗಿ ಬರೆಯುತ್ತಿದ್ದೇನೆ. ಮೇಷ್ಟ್ರ ಬಳಿ ಉಳಿದಿದ್ದ, ಅಕ್ಕನ ಕೈ ಸೋಕದ ಹೋಳಿನ ಪುಡಿಯನ್ನೂ ಅದೇ ಪ್ರಯೋಗಾಲಯಕ್ಕೆ ಕಳಿಸಿದೆ. ಬಂದದ್ದು ಅದೇ ಉತ್ತರ. ಆ ಹೋಳು ಎರಡೂ ವರದಿಗಳ ಜೊತೆ ಕಾಲೇಜಿನ ಗಾಜಿನ ಕಪಾಟಿನಲ್ಲಿದೆ. ಕೇಳಿದವರಿಗೆ ಮೇಷ್ಟ್ರು ಬೀಗ ತೆಗೆದು ತೋರಿಸುತ್ತಾರೆ.